ಎಂಜಿನ್ ಆಫ್ ಮಾಡಿಸಿ, ಆಮೇಲೆ ನೋಡಿ: ಗಡಹಿಂಗ್ಲಜದಿಂದ ಮಾಲ್ವಣಕ್ಕೆ ಮೂರು ದಿನ

ಇದೆಲ್ಲ ಶುರುವಾದದ್ದು ಒಂದು ವಿಡಿಯೋದಿಂದ. ಎಂಟನೇ ತರಗತಿ ಓದುವ ಮಗಳು ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದಳು. ನೀಲಿ ನೀರು. ಬಸ್ಸಿನಷ್ಟು ಉದ್ದದ ತಿಮಿಂಗಿಲ. ಅದರ ಪಕ್ಕದಲ್ಲಿ ಕಪ್ಪೆಯ ಹಾಗೆ ಕೈಕಾಲು ಚಾಚಿ ತೇಲುತ್ತಿರುವ ಒಬ್ಬ ಮನುಷ್ಯ. "ಪಪ್ಪಾ, ನಾವೂ ಹಿಂಗ ಈಜೂಣು?" ಅಂದಳು.

ಅದು ಟೋಂಗಾ. ಪೆಸಿಫಿಕ್ ಸಾಗರದ ನಡುವಿನ ಪುಟ್ಟ ದೇಶ. ಜುಲೈಯಿಂದ ಅಕ್ಟೋಬರ್‌ವರೆಗೆ ಅಂಟಾರ್ಕ್ಟಿಕದ ಕಡೆಯಿಂದ ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು ಅಲ್ಲಿನ ಬೆಚ್ಚಗಿನ ನೀರಿಗೆ ಬರುತ್ತವೆ. 1978ರಲ್ಲಿ ಅಲ್ಲಿನ ರಾಜ ತಿಮಿಂಗಿಲ ಬೇಟೆಯನ್ನೇ ನಿಲ್ಲಿಸಿಬಿಟ್ಟ. ಮೊದಲು ಕೊಂದು ಮಾರುತ್ತಿದ್ದ ಪ್ರಾಣಿಯನ್ನು ಈಗ ತೋರಿಸಿಯೇ ಎಷ್ಟೋ ಮನೆ ನಡೆಯುತ್ತಿವೆ. ಆದರೆ ನಿಯಮ ಬಿಗಿ. ಲೈಸೆನ್ಸ್ ಇರುವ ದೋಣಿ ಮಾತ್ರ. ಒಂದು ಸಲಕ್ಕೆ ನೀರಿಗಿಳಿಯುವವರು ನಾಲ್ಕೇ ಜನ, ಜೊತೆಗೊಬ್ಬ ಗೈಡ್. ಸ್ಕೂಬಾ ಸಿಲಿಂಡರ್ ಇಲ್ಲ, ಮುಟ್ಟುವಂತಿಲ್ಲ, ಭಾನುವಾರ ಪೂರ್ತಿ ರಜೆ. ಇಷ್ಟನ್ನೆಲ್ಲ ಓದಿ ಮಗಳಿಗೆ ಹೇಳಿದೆ. ಆಮೇಲೆ ವಿಮಾನದ ಟಿಕೆಟ್ ದರ ನೋಡಿ ಮೊಬೈಲ್ ಅವಳ ಕೈಗೆ ವಾಪಸ್ ಕೊಟ್ಟೆ.

"ನಮ್ಮ ಕಡಲಿಗೇ ಹೋಗೂಣ ತಗೋ" ಅಂದೆ. ನಮ್ಮದು ಕೊಲ್ಹಾಪುರ ಜಿಲ್ಲೆ, ಗಡಹಿಂಗ್ಲಜ ತಾಲ್ಲೂಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಇಲ್ಲಿಂದ ಕೊಂಕಣ ಕರಾವಳಿಯ ಮಾಲ್ವಣ ಸುಮಾರು 140 ಕಿಲೋಮೀಟರ್. ಅಷ್ಟು ಹತ್ತಿರ ಕಡಲಿದ್ದರೂ ನಾವು ಹೋದದ್ದು ಇದೇ ಮೊದಲು. ಹೋದವರು ನಾಲ್ಕು ಜನ: ನಾನು, ಹೆಂಡತಿ, ಮಗಳು, ಅತ್ತೆ. ಅತ್ತೆಗೆ ವಯಸ್ಸು ಎಪ್ಪತ್ತರ ಹತ್ತಿರ, ಮೀನು ಮುಟ್ಟುವವರಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, "ಮಾಲ್ವಣಕ್ಕೆ ಹೋದರೆ ಸಸ್ಯಾಹಾರಿಗಳು ಉಪವಾಸ ಬೀಳ್ತಾರೆ" ಅಂತ ನಮ್ಮ ಕಡೆ ಎಲ್ಲರೂ ಹೆದರಿಸುತ್ತಾರೆ. ಅದು ಸುಳ್ಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಲ್ವಣದಲ್ಲಿ ತಿಮಿಂಗಿಲ ತೋರಿಸುತ್ತೇವೆ ಅಂತ ಯಾರಾದರೂ ಕರೆದರೆ ದುಡ್ಡು ಕೊಡಬೇಡಿ. ಈ ಕಡಲಲ್ಲಿ ಅವು ಇಲ್ಲವೆಂದಲ್ಲ. 2015ರಲ್ಲಿ ಮಾಲ್ವಣ ಇರುವ ಸಿಂಧುದುರ್ಗ ಜಿಲ್ಲೆಯ ಕಡಲಲ್ಲಿ ಸಂಶೋಧಕರಿಗೆ ನೀಲಿ ತಿಮಿಂಗಿಲ ಕಂಡು ದೊಡ್ಡ ಸುದ್ದಿಯಾಗಿತ್ತು. ಆದರೆ ಅದು ತಿಂಗಳುಗಟ್ಟಲೆ ಕಡಲಲ್ಲಿ ಅಲೆದವರ ಅದೃಷ್ಟ. ಮುನ್ನೂರು ರೂಪಾಯಿ ಟಿಕೆಟ್ಟಿಗೆ ಸಿಗುವಂಥದ್ದಲ್ಲ. ನಮ್ಮಂಥವರಿಗೆ ಕಾಣುವುದು ಡಾಲ್ಫಿನ್. ತಿಮಿಂಗಿಲವಾಗಲಿ ಡಾಲ್ಫಿನ್ ಆಗಲಿ, ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಕಾನೂನಿನ ಕಣ್ಣಿನಲ್ಲಿ ಹುಲಿಗಿರುವ ಮರ್ಯಾದೆಯೇ ಇವಕ್ಕೂ ಇದೆ. ಅಟ್ಟಿಸಿಕೊಂಡು ಹೋಗಿ ಪಕ್ಕದಲ್ಲಿ ಧುಮುಕುವ ಆಸೆ ಮನೆಯಲ್ಲೇ ಬಿಟ್ಟು ಬನ್ನಿ.

ದಾರಿ ಸುಲಭ. ಗಡಹಿಂಗ್ಲಜ, ಆಜರಾ, ಅಂಬೋಲಿ ಘಾಟ್, ಸಾವಂತವಾಡಿ, ಕುಡಾಳ, ಮಾಲ್ವಣ. ಸ್ವಂತ ಗಾಡಿಯಾದರೆ ಬೆಳಗ್ಗೆ ಆರಕ್ಕೆ ಬಿಡಿ, ಅಂಬೋಲಿಯಲ್ಲಿ ಒಂದು ತಾಸು ನಿಲ್ಲಿ. ನಮ್ಮೂರ ಪಕ್ಕ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಅಲ್ಲೇ, ಒಂದು ಗವಿಯ ಬಾಯಲ್ಲಿ. ಮುಂದೆ ಗುಡಿ, ಗುಡಿ ಮುಂದೆ ಹೊಂಡ. ಆ ಹೊಂಡದ ಪುಟ್ಟ ಮೀನಿಗೆ ವಿಜ್ಞಾನಿಗಳು ಹೊಳೆಯ ಹೆಸರನ್ನೇ ಇಟ್ಟಿದ್ದಾರೆ, ಶಿಸ್ಟುರಾ ಹಿರಣ್ಯಕೇಶಿ ಅಂತ. ಆ ಮೀನಿನ ಸಲುವಾಗಿ 2021ರಲ್ಲಿ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಇಷ್ಟು ವರ್ಷ ಆ ಹೊಳೆಯ ನೀರು ಕುಡಿದ ನನಗೆ ಇದು ಗೊತ್ತೇ ಇರಲಿಲ್ಲ. ಅಲ್ಲಿ ಕಾಲು ತೊಳೆಯಲು ಸೋಪು ತೆಗೆದವರೊಬ್ಬರನ್ನು ಅತ್ತೆ ಗದರಿಸಿದರು. ರೈಲಿನಲ್ಲಿ ಬರುವವರು ಕೊಂಕಣ ರೈಲ್ವೆಯ ಕುಡಾಳದಲ್ಲಿ ಇಳಿಯಬಹುದು, ಅಲ್ಲಿಂದ ಮಾಲ್ವಣಕ್ಕೆ ಸುಮಾರು 30 ಕಿಲೋಮೀಟರ್.

ಉಳಿಯಲು ಮಾಲ್ವಣದ ಪಕ್ಕದ ತಾರ್ಕರ್ಲಿ ಮತ್ತು ದೇವಬಾಗ್ ಕಡೆ ಮೀನುಗಾರರ ಮನೆಗಳೇ ಹೋಮ್‌ಸ್ಟೇ ಆಗಿವೆ. ದೊಡ್ಡ ರೆಸಾರ್ಟ್ ಬೇಡ ಅಂತ ನಾನು ಹೇಳುವುದು ಬರೀ ದುಡ್ಡು ಉಳಿಸಲು ಅಲ್ಲ. ನಾವಿದ್ದ ಮನೆಯಲ್ಲಿ ಅಡುಗೆ ಮಾಡುವವರು ಮನೆಯ ಹೆಂಗಸರು, ಮೀನು ತರುವವರು ಮನೆಯ ಗಂಡಸರು. ದೋಣಿ ಬೇಕು ಅಂದರೆ ಪಕ್ಕದ ಮನೆಯ ಕಾಕಾಗೆ ಫೋನ್ ಹೋಗುತ್ತದೆ. ಕೊಟ್ಟ ರೂಪಾಯಿ ಆ ಓಣಿಯಲ್ಲೇ ತಿರುಗುತ್ತದೆ. ಊಟಕ್ಕೆ ಅತ್ತೆಗೆ ಕಪ್ಪು ಬಟಾಣಿಯ ಉಸಳಿ, ಘಾವಣೆ, ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಢಿ ಸಿಕ್ಕವು. ಘಾವಣೆ ಅಂದರೆ ನಮ್ಮ ನೀರುದೋಸೆಯ ದಾಯಾದಿ. ನಾವು ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊನೆಗೆ ಆ ಮನೆಯವರ ಪಾಲಾಯಿತು. ಮರುದಿನ ಬೆಳಗ್ಗೆ ಇನ್ನೂ ಇದೆಯಾ ಅಂತ ಕೇಳಿದರು.

ಈಗ ತಪ್ಪಿನ ಕಥೆ. ಮೊದಲ ದಿನವೇ ಆತುರಪಟ್ಟು, ದಂಡೆಯಲ್ಲಿ ಕೂಗಿ ಕರೆಯುತ್ತಿದ್ದ ಒಂದು ದೋಣಿ ಹತ್ತಿದೆವು. ತಲೆಗೆ ಮುನ್ನೂರು. "ಡಾಲ್ಫಿನ್ ಗ್ಯಾರಂಟಿ" ಅಂದಿದ್ದ. ಗ್ಯಾರಂಟಿ ಅನ್ನುವ ಮಾತು ಕೇಳಿದಾಗಲೇ ಇಳಿಯಬೇಕಿತ್ತು. ಹಾಡು ಜೋರು, ಎಂಜಿನ್ ಅದಕ್ಕಿಂತ ಜೋರು. ದೂರದಲ್ಲಿ ಒಂದು ಬೆನ್ನು ಎದ್ದು ಮುಳುಗಿದ್ದೇ ತಡ, ನಮ್ಮ ದೋಣಿ ಸೇರಿ ಆರೇಳು ದೋಣಿಗಳು ಅದರ ಮೇಲೇ ನುಗ್ಗಿದವು. ಅದು ಬಲಕ್ಕೆ ಎದ್ದರೆ ಎಲ್ಲರೂ ಬಲಕ್ಕೆ. ಎಡಕ್ಕೆ ಎದ್ದರೆ ಎಡಕ್ಕೆ. ಕಬ್ಬಿನ ಗದ್ದೆಯಲ್ಲಿ ಹಂದಿ ಅಟ್ಟಿದ ಹಾಗೆ. ನಾಲ್ಕನೇ ಸಲ ಎದ್ದಾಗ ಪಕ್ಕದಲ್ಲಿ ಸಣ್ಣದೊಂದು ಬೆನ್ನು ಕಂಡಿತು. ಮರಿ. "ಅದಕ್ಕ ಉಸಿರು ತಗೊಳ್ಳಾಕ ಬಿಡವಲ್ರು" ಅಂದರು ಅತ್ತೆ. ನಿಜ ಅಲ್ವಾ? ಡಾಲ್ಫಿನ್ ಮೀನಲ್ಲ. ನಮ್ಮ ಹಾಗೆ ಗಾಳಿಗೇ ಮೇಲೆ ಬರಬೇಕು. ಮೇಲೆ ಬಂದರೆ ದೋಣಿ, ಕೆಳಗೆ ಹೋದರೆ ಎಂಜಿನ್ ಸದ್ದು. ದಾರಿ, ಆಹಾರ ಎಲ್ಲವನ್ನೂ ಅದು ಹುಡುಕುವುದು ತಾನು ಹೊರಡಿಸುವ ಸದ್ದಿನ ಮಾರ್ದನಿಯಿಂದ. ನಾವು ಆ ಸದ್ದಿನ ಮೇಲೆ ನಮ್ಮ ಸದ್ದು ಸುರಿಯುತ್ತಿದ್ದೆವು. ಮಗಳು ಒಂದು ಫೋಟೋವನ್ನೂ ತೆಗೆಯದೆ ಸುಮ್ನೆ ಕೂತುಬಿಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಮನೆಯವರ ಹತ್ತಿರ ಹೇಳಿಕೊಂಡೆವು. ಪಕ್ಕದ ಮನೆಯ ಕಾಕಾ ಬಂದರು. ಅವರ ಷರತ್ತು ಮೂರು. ಬೆಳಗ್ಗೆ ಆರೂವರೆಗೆ ಹೊರಡಬೇಕು. ಕೂಗಬಾರದು. ಡಾಲ್ಫಿನ್ ಕಾಣದಿದ್ದರೂ ದುಡ್ಡು ಕೊಡಬೇಕು. ಇಡೀ ದೋಣಿಗೆ ಎರಡು ಸಾವಿರ. ತಲೆಗೆ ಲೆಕ್ಕ ಹಾಕಿದರೆ ಜಾಸ್ತಿಯೇ. ಕೊನೆಯ ಷರತ್ತು ನನಗೆ ಆಗ ವಿಚಿತ್ರ ಅನ್ನಿಸಿತು. ಈಗ ಅನ್ನಿಸುವುದು ಬೇರೆ: ಕಾಣದಿದ್ದರೆ ದುಡ್ಡಿಲ್ಲ ಅನ್ನುವ ಗಿರಾಕಿಯೇ ದೋಣಿಯವನ ಕೈಯಲ್ಲಿ ಡಾಲ್ಫಿನ್ ಅಟ್ಟಿಸುತ್ತಾನೆ. ಮೊದಲ ದಿನದ ಹುಡುಗನ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಗ್ಯಾರಂಟಿ ಕೇಳಿದ್ದು ನಮ್ಮಂಥವರೇ.

ಕಾರ್ಲಿ ಹೊಳೆ ಕಡಲು ಸೇರುವ ಜಾಗದಿಂದ ಸ್ವಲ್ಪ ಆಚೆ ಕಾಕಾ ಎಂಜಿನ್ ಆಫ್ ಮಾಡಿದರು. ಅಷ್ಟೇ. ಇಪ್ಪತ್ತು ನಿಮಿಷ ಏನೂ ಇಲ್ಲ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ಜಪವೋ ನಿದ್ದೆಯೋ ಗೊತ್ತಿಲ್ಲ. ಆಮೇಲೆ ಹಿಂದಿನಿಂದ "ಫುಸ್" ಅಂತ ಒಂದು ಸದ್ದು. ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವ ಮೊದಲು ಉಸಿರು ಬಿಡುತ್ತದಲ್ಲ, ಹಾಗೆ. ತಿರುಗುವಷ್ಟರಲ್ಲಿ ಬೂದು ಬಣ್ಣದ ಬೆನ್ನು, ಅದರ ಮೇಲೆ ಎತ್ತಿನ ಹಿಣಿಲಿನ ಹಾಗೆ ಗೂನು, ಗೂನಿನ ಮೇಲೆ ಈಜುರೆಕ್ಕೆ. ಮತ್ತೊಂದು. ಮತ್ತೊಂದು. ನಾಲ್ಕು ಇದ್ದವು. ಅವಸರವಿಲ್ಲದೆ, ತಮ್ಮ ಪಾಡಿಗೆ ತಾವು ಮೇಯುತ್ತ ದೋಣಿ ದಾಟಿ ಹೋದವು. ನಾವು ಅವುಗಳ ಹತ್ತಿರ ಹೋಗಲಿಲ್ಲ, ಅವೇ ಬಂದವು.

ಇದು ಗೂನುಬೆನ್ನಿನ ಡಾಲ್ಫಿನ್. ಇದಕ್ಕೆ ಬೇಕಾದದ್ದು ದಂಡೆಯ ಹತ್ತಿರದ, ಆಳ ಕಡಿಮೆ ಇರುವ ನೀರು. ನಮ್ಮ ದೋಣಿ, ಬಲೆ, ಬಂದರು, ಚರಂಡಿ ಎಲ್ಲ ಇರುವುದೂ ಅಲ್ಲೇ. ಅದಕ್ಕೇ ಜಗತ್ತಿನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಹಾಗಾಗಿ ದೋಣಿ ಮಾತಾಡುವಾಗ ಮೊದಲೇ ಹೇಳಿಬಿಡಿ: ಡಾಲ್ಫಿನ್ ಕಂಡ ಕೂಡಲೇ ವೇಗ ಇಳಿಸಬೇಕು, ಎದುರಿನಿಂದಾಗಲಿ ಬೆನ್ನಟ್ಟಿಯಾಗಲಿ ಹೋಗಬಾರದು, ಐವತ್ತು ಮೀಟರ್ ದೂರದಲ್ಲೇ ನಿಲ್ಲಬೇಕು. ಆಗಲೇ ಎರಡು ಮೂರು ದೋಣಿ ಇದ್ದರೆ ನಾವು ಕಾಯುತ್ತೇವೆ ಅನ್ನಿ. ಮರಿ ಇದ್ದರೆ ಬಿಟ್ಟು ಬನ್ನಿ. ಗಿರಾಕಿಯೇ ಹೀಗೆ ಹೇಳಿದರೆ ದೋಣಿಯವರಿಗೆ ಡೀಸೆಲ್ ಉಳಿಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ.

ಈಜುವ ಆಸೆ ಇದ್ದವರಿಗೆ ಸಿಂಧುದುರ್ಗ ಕೋಟೆಯ ಸುತ್ತ ಸ್ನಾರ್ಕೆಲಿಂಗ್ ಇದೆ, ಅಂದರೆ ಕಣ್ಣಿಗೆ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ ಹಾಕಿಕೊಂಡು ನೀರ ಮೇಲೆ ತೇಲುತ್ತ ಕೆಳಗೆ ನೋಡುವುದು. 1664ರಲ್ಲಿ ಶಿವಾಜಿ ಮಹಾರಾಜರು ಕೆಲಸ ಶುರು ಮಾಡಿಸಿದ ಕೋಟೆ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಮೂರು ಬಾವಿ. ಹಾಲು, ಮೊಸರು, ಸಕ್ಕರೆ ಅಂತ ಅವುಗಳ ಹೆಸರು. ಇಲ್ಲಿನ ಕಡಲಿನ ಸುಮಾರು 29 ಚದರ ಕಿಲೋಮೀಟರ್ 1987ರಿಂದ ಮಾಲ್ವಣ ಸಾಗರ ಅಭಯಾರಣ್ಯ. ಬಂಡೆಗಳ ಮೇಲೆ ಹವಳ ಇದೆ. ಟಿವಿಯಲ್ಲಿ ತೋರಿಸುವ ಹಾಗೆ ಕೆಂಪು ಹಳದಿ ತೋಟ ಅಂತ ತಿಳಿಯಬೇಡಿ, ಹೆಚ್ಚಿನದು ಮಣ್ಣಿನ ಬಣ್ಣ. ಆದರೆ ಪಟ್ಟೆ ಪಟ್ಟೆ ಮೀನುಗಳು ಕೈಯಳತೆಯಲ್ಲಿ ಓಡಾಡುತ್ತವೆ. ಕೆಲವು ಗೈಡ್‌ಗಳು ಮೀನು ಸೇರಿಸಲು ಬ್ರೆಡ್, ಬಿಸ್ಕಿಟ್ ಹಾಕುತ್ತಾರೆ. ಬೇಡ ಅನ್ನಿ. ಮುಖ್ಯವಾಗಿ ಸುಸ್ತಾಯಿತೆಂದು ಬಂಡೆಯ ಮೇಲೆ ನಿಲ್ಲಬೇಡಿ. ನೀವು ಕಲ್ಲು ಅಂದುಕೊಂಡದ್ದು ಹವಳ ಆಗಿರಬಹುದು, ತೀರ ನಿಧಾನಕ್ಕೆ ಬೆಳೆಯುವ ಜೀವ ಅದು. ನನ್ನ ಹೆಂಡತಿ ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಹಳೆ ಟೀ ಶರ್ಟ್ ಹಾಕಿ ಇಳಿದಳು. ಚರ್ಮವೂ ಸುಡಲಿಲ್ಲ, ನೀರಿಗೂ ಎಣ್ಣೆ ಬಿಡಲಿಲ್ಲ.

ಲೈಫ್ ಜಾಕೆಟ್ ವಿಷಯದಲ್ಲಿ ನಾಚಿಕೆ ಬೇಡ. ಹರಿದದ್ದು, ಬಕಲ್ ಇಲ್ಲದ್ದು ಕೊಟ್ಟರೆ ಬೇರೆ ಕೇಳಿ, ಇಲ್ಲ ಅಂದರೆ ದೋಣಿಯಿಂದಲೇ ಇಳಿದುಬಿಡಿ. 2022ರ ಮೇ ತಿಂಗಳಲ್ಲಿ ತಾರ್ಕರ್ಲಿಯಲ್ಲೇ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಪ್ರಾಣ ಕಳೆದುಕೊಂಡಿದ್ದಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಶಾಂತ. ಮಳೆಗಾಲದಲ್ಲಿ ದೋಣಿ, ಸ್ನಾರ್ಕೆಲಿಂಗ್ ಎಲ್ಲ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಆಗ ಹೋದರೆ ಅಂಬೋಲಿ ಮಂಜು ಮಾತ್ರ ಸಿಗುತ್ತದೆ. ಅದೂ ಚೆಂದವೇ, ಬಿಡಿ.

ಎರಡನೇ ದಿನ ಬೆಳಗ್ಗೆ ದೋಣಿಯಿಂದ ಇಳಿದು ಬರುವಾಗ ದಂಡೆಯಲ್ಲಿ ರಾಪಣ ಎಳೆಯುತ್ತಿದ್ದರು. ನಮ್ಮ ಕರಾವಳಿಯವರ ರಂಪಣಿಯೇ ಅದು. ಹತ್ತಾರು ಜನ ಎರಡು ಕಡೆಯಿಂದ ಹಗ್ಗ ಹಿಡಿದು ದೊಡ್ಡ ಬಲೆಯನ್ನು ದಡಕ್ಕೆ ತರುತ್ತಾರೆ. ನಾವೂ ಕೈ ಹಾಕಿದೆವು. ಬೆಲ್ಲದ ಗಾಣದಲ್ಲಿ ಕೆಲಸ ಮಾಡಿದ ನನ್ನ ಕೈಗೂ ಬೊಬ್ಬೆ ಬಂತು. ಬಂದದ್ದು ಒಂದೆರಡು ಬುಟ್ಟಿ ಬಂಗಡೆ. ಆಳದಲ್ಲಿ ಮೀನಿನ ಹಿಂಡನ್ನೇ ಸುತ್ತುಗಟ್ಟುವ ಪರ್ಸೀನ್ ಬಲೆ, ಮೀನು ಸೆಳೆಯುವ ಎಲ್‌ಇಡಿ ದೀಪ ಹಾಕಿ ಗೋರಿಕೊಂಡು ಹೋದರೆ ದಂಡೆಗೆ ಏನು ಬರುತ್ತದೆ ಅಂತ ಒಬ್ಬರು ಕೇಳಿದರು. ಮಾಲ್ವಣದ ಸಣ್ಣ ಮೀನುಗಾರರ ಹಳೆಯ ಜಗಳ ಅದು. ಹೋಮ್‌ಸ್ಟೇ ಯಾಕೆ ಶುರು ಮಾಡಿದಿರಿ ಅಂತ ನಾನು ಬೇರೆ ಕೇಳುವ ಅಗತ್ಯ ಉಳಿಯಲಿಲ್ಲ.

ಮೂರನೇ ದಿನ ವಾಪಸ್ ಬರುವಾಗ ವೆಂಗುರ್ಲೆ ಮೇಲೆ ಬನ್ನಿ, ಸಾವಂತವಾಡಿಗೆ ಅಲ್ಲಿಂದಲೂ ದಾರಿ ಇದೆ. ವೆಂಗುರ್ಲೆಯ ಮಾಂಡವಿ ಖಾಡಿಯಲ್ಲಿ (ಕಡಲು ಒಳನುಗ್ಗುವ ಹಿನ್ನೀರು) ಸ್ವಾಮಿನಿ ಬಚತ್ ಗಟ್ ಅನ್ನುವ ಹೆಂಗಸರ ಸ್ವಸಹಾಯ ಸಂಘದವರು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸುತ್ತಾರೆ. ಮೀನುಗಾರರ ಮನೆಯ ಹೆಂಗಸರು. ಹುಟ್ಟು ಹಾಕುವವರೂ ಅವರೇ, ವಿವರಿಸುವವರೂ ಅವರೇ, ಎಂಜಿನ್ ಇಲ್ಲ. ಉಪ್ಪುನೀರಿನಲ್ಲಿ ಮರ ಹೇಗೆ ಬದುಕುತ್ತದೆ, ಉಸಿರಾಡಲು ಬೇರನ್ನು ಯಾಕೆ ಮೇಲಕ್ಕೆ ಚುಚ್ಚಿ ನಿಲ್ಲಿಸುತ್ತದೆ, ಮೀನಿನ ಮರಿ ಆ ಬೇರಿನ ಸಂದಿಯಲ್ಲಿ ಯಾಕೆ ಬೆಳೆಯುತ್ತದೆ ಅಂತ ಮರಾಠಿಯಲ್ಲಿ ಹೇಳುತ್ತಾರೆ. ಮರಾಠಿ ಬಾರದ ಬೆಳಗಾವಿ, ಧಾರವಾಡದ ನೆಂಟರನ್ನು ಕರೆದುಕೊಂಡು ಹೋದರೆ ನೀವೇ ಕನ್ನಡಕ್ಕೆ ಹೇಳಬೇಕಾದೀತು. ನೀರಿನ ಉಬ್ಬರ ನೋಡಿಕೊಂಡು ಹೊತ್ತು ಗೊತ್ತು ಮಾಡುವುದರಿಂದ ಹಿಂದಿನ ದಿನವೇ ಮಾತಾಡಿಕೊಳ್ಳಿ. ಇಡೀ ಪ್ರವಾಸದಲ್ಲಿ ಅತ್ತೆಗೆ ಜಾಸ್ತಿ ಹಿಡಿಸಿದ್ದು ಇದೇ. ಇಳಿಯುವಾಗ ಹುಟ್ಟು ಹಾಕುತ್ತಿದ್ದವರ ಅಂಗೈ ಹಿಡಿದು ನೋಡಿದರು.

ಹತ್ತಿರದ ವಾಯಂಗಣಿ ದಂಡೆಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ಊರಿನವರು ಗೂಡು ಕಾಯುತ್ತಾರೆ, ಫೆಬ್ರವರಿ ಮಾರ್ಚ್ ಹೊತ್ತಿಗೆ ಮರಿ ಕಡಲಿಗಿಳಿಯುತ್ತವೆ. ನಾವು ಹೋದ ದಿನ ಒಂದೂ ಗೂಡು ಒಡೆದಿರಲಿಲ್ಲ. ಬಲೆ ಕಟ್ಟಿದ ಬೇಲಿ, ಮರಳು, ತಾರೀಖು ಬರೆದ ಚೀಟಿ ನೋಡಿ ಬಂದೆವು. ನೀವು ಹೋದ ದಿನ ಮರಿ ಹೊರಬಂದರೆ ಎತ್ತಿ ನೀರಿಗೆ ಬಿಡುವ ಪುಣ್ಯ ಕಟ್ಟಿಕೊಳ್ಳಬೇಡಿ, ಅವು ತಾವೇ ನಡೆಯಬೇಕು. ಫ್ಲ್ಯಾಶ್ ಹಾಕಬೇಡಿ, ಬೆಳಕಿಗೆ ಅವು ದಿಕ್ಕು ತಪ್ಪುತ್ತವೆ.

ಊರಿಗೆ ಬಂದ ಮೇಲೆ ನೆಂಟರ ವಾಟ್ಸಾಪ್ ಗುಂಪಿಗೆ ಮಗಳು ಎರಡನೇ ದಿನದ ವಿಡಿಯೋ ಹಾಕಿದಳು. ನಲವತ್ತು ಸೆಕೆಂಡ್. ಬರೀ ನೀರು, ದೋಣಿಯ ಅಂಚು, ಅತ್ತೆಯ ಸೆರಗಿನ ತುದಿ. ಡಾಲ್ಫಿನ್ ಎಲ್ಲಿ ಅಂತ ಹತ್ತು ಜನ ಕೇಳಿದರು. ಸೌಂಡ್ ಜೋರು ಇಟ್ಟು ಇಪ್ಪತ್ತೆರಡನೇ ಸೆಕೆಂಡಿಗೆ ಕೇಳ್ರಿ ಅಂತ ಬರೆದಿದ್ದಾಳೆ.