ರೀಡ್‌ಬ್ಯಾಕ್ ಬಂತು, ಕೇಳಿಸಿಕೊಂಡಿರಾ?

ಏರ್ ಟ್ರಾಫಿಕ್ ಕಂಟ್ರೋಲ್ ತರಬೇತಿಗೆ ಬಂದವರು ಮೊದಲು ಕಲಿಯಲು ಹವಣಿಸುವುದು ಮಾತಾಡುವುದನ್ನು. ಫ್ರೇಸಿಯಾಲಜಿ (ರೇಡಿಯೋದಲ್ಲಿ ಬಳಸುವ ನಿಗದಿತ ಪದಗಳು) ಬಾಯಿಪಾಠ ಮಾಡುತ್ತಾರೆ, ತಡವರಿಸದೆ ಹೇಳುವ ಅಭ್ಯಾಸ ಮಾಡುತ್ತಾರೆ. ಅದು ಬೇಕೇ ಬೇಕು. ಆದರೆ ಈ ಕೆಲಸದಲ್ಲಿ ಎಡವುವ ಜಾಗ ಇನ್ನೊಂದಿದೆ: ನಾವು ರೇಡಿಯೋ ಬಟನ್ ಬಿಟ್ಟ ನಂತರದ ನಾಲ್ಕೈದು ಸೆಕೆಂಡು. ಪೈಲಟ್ ನಮ್ಮ ಸೂಚನೆಯನ್ನು ತಿರುಗಿ ಹೇಳುವುದು, ಅಂದರೆ ರೀಡ್‌ಬ್ಯಾಕ್, ಆಗಲೇ. ಅಷ್ಟರಲ್ಲಿ ನಮ್ಮ ಕಣ್ಣು ಮುಂದಿನ ಸ್ಟ್ರಿಪ್ (ಒಂದೊಂದು ವಿಮಾನದ ವಿವರ ಬರೆಯುವ ಪಟ್ಟಿ) ಮೇಲೆ, ಕೈ ಪಕ್ಕದ ಫೋನಿನ ಮೇಲೆ. "ಫ್ಲೈಟ್ ಲೆವೆಲ್ ವನ್ ತ್ರೀ ಜೀರೋ", ಅಂದರೆ 13,000 ಅಡಿ ಎತ್ತರ, ಎಂದು ಹೇಳಿರುತ್ತೇವೆ. "ವನ್ ಟೂ ಜೀರೋ" ಎಂದು ವಾಪಸ್ ಬಂದರೂ ಮನಸ್ಸು ತಾನು ಹೇಳಿದ್ದನ್ನೇ ಕೇಳಿಸಿಕೊಂಡುಬಿಡುತ್ತದೆ. ನಾವು ಸುಮ್ಮನಿದ್ದರೆ ಪೈಲಟ್‌ಗೆ ಅದೇ ಒಪ್ಪಿಗೆ. ಅವರು ತಿರುಗಿ ಹೇಳಿದ್ದಾರೆ, ಯಾರೂ ತಿದ್ದಲಿಲ್ಲ. ಸಾವಿರ ಅಡಿ ವ್ಯತ್ಯಾಸ ಎಂದರೆ ಎರಡು ವಿಮಾನಗಳ ನಡುವಿನ ಲಂಬ ಅಂತರ ಪೂರ್ತಿ ಹೋದಂತೆ.

ಇದಕ್ಕೆ ಉಪಾಯ ಸರಳ, ರೂಢಿಸಿಕೊಳ್ಳುವುದು ಕಷ್ಟ. ಹೇಳುವಾಗಲೇ ಬರೆಯಿರಿ, ರೀಡ್‌ಬ್ಯಾಕ್ ಕೇಳುವಾಗ ಬರೆದದ್ದನ್ನು ನೋಡುತ್ತಾ ಕೇಳಿ, ತಾಳೆಯಾದ ಮೇಲೆ ಗುರುತು ಹಾಕಿ. ನೆನಪಿನ ಜೊತೆ ತಾಳೆ ನೋಡಬೇಡಿ, ಬರಹದ ಜೊತೆ ನೋಡಿ. ಫೋನು ಇನ್ನೂ ಎರಡು ಸಲ ರಿಂಗಾಗಲಿ.

ಎಲ್ಲವನ್ನೂ ತಿರುಗಿ ಹೇಳಬೇಕಾಗಿಲ್ಲ. ಗಾಳಿಯ ವೇಗ, ಟ್ರಾಫಿಕ್ ಮಾಹಿತಿ ಇಂಥವಕ್ಕೆ "ರೋಜರ್" ಸಾಕು. ಆದರೆ ರೂಟ್ ಕ್ಲಿಯರೆನ್ಸ್ (ಸಾಗುವ ಮಾರ್ಗಕ್ಕೆ ಅನುಮತಿ), ರನ್‌ವೇ ಪ್ರವೇಶ, ಇಳಿಯುವುದು, ಏರುವುದು, ದಾಟುವುದು, ರನ್‌ವೇಗೆ ಮೊದಲೇ ನಿಲ್ಲುವುದು (ಹೋಲ್ಡ್ ಶಾರ್ಟ್), ಬಳಕೆಯಲ್ಲಿರುವ ರನ್‌ವೇ, ಆಲ್ಟಿಮೀಟರ್ ಸೆಟ್ಟಿಂಗ್ (ಎತ್ತರಮಾಪಕಕ್ಕೆ ಹೊಂದಿಸುವ ಒತ್ತಡ), ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಸಂಖ್ಯೆ), ಲೆವೆಲ್ (ಎತ್ತರ), ಹೆಡಿಂಗ್ (ವಿಮಾನದ ಮೂಗಿನ ದಿಕ್ಕು), ಸ್ಪೀಡ್ ಇವಿಷ್ಟೂ ಅಕ್ಷರಶಃ ವಾಪಸ್ ಬರಬೇಕು, ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಹೆಸರು) ಸಮೇತ. "ಹೋಲ್ಡ್ ಶಾರ್ಟ್" ಎಂದದ್ದಕ್ಕೆ ಬರೀ "ರೋಜರ್" ಬಂದರೆ ಬಿಡಬೇಡಿ, ಮತ್ತೆ ಕೇಳಿ. ರೋಜರ್ ಎಂದರೆ ನಿಮ್ಮ ಮಾತು ಪೂರ್ತಿ ಕೇಳಿಸಿತು ಎಂದಷ್ಟೇ. ಹೌದು ಎಂದಲ್ಲ, ಮಾಡುತ್ತೇನೆ ಎಂದೂ ಅಲ್ಲ. ಮಾಡುತ್ತೇನೆ ಎನ್ನಲು "ವಿಲ್ಕೊ", ಹೌದು ಎನ್ನಲು "ಅಫರ್ಮ್", ಆಗದು ಎನ್ನಲು "ಅನೇಬಲ್" ಇದೆ. "ಸ್ಟ್ಯಾಂಡ್‌ಬೈ" ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಇದನ್ನು ಒಪ್ಪಿಗೆ ಎಂದುಕೊಂಡು ಮುಂದುವರಿಯುವವರು ಈಗಲೂ ಸಿಗುತ್ತಾರೆ.

ತಪ್ಪು ಬಂದಾಗ ತಿದ್ದುವ ಕ್ರಮ ಮುಖ್ಯ. ಅದೇ ಸೂಚನೆಯನ್ನು ಜೋರಾಗಿ ಇನ್ನೊಮ್ಮೆ ಹೇಳಿದರೆ ಎಲ್ಲಿ ತಪ್ಪಿತೆಂದು ಪೈಲಟ್‌ಗೆ ತಿಳಿಯುವುದಿಲ್ಲ. ಮೊದಲು ಕಾಲ್‌ಸೈನ್, ಆಮೇಲೆ "ನೆಗೆಟಿವ್, ಐ ಸೇ ಅಗೇನ್", ಆಮೇಲೆ ತಪ್ಪಿದ ಅಂಶ ಮಾತ್ರ. "ನೆಗೆಟಿವ್" ಕಿವಿಗೆ ಬಿದ್ದರೆ ಕಾಕ್‌ಪಿಟ್‌ನಲ್ಲಿ ಕೈ ತಾನಾಗಿ ನಿಲ್ಲುತ್ತದೆ.

ಇನ್ನು ವೇಗ. ಅಂತಾರಾಷ್ಟ್ರೀಯ ನಿಯಮ ನಿಮಿಷಕ್ಕೆ 100 ಪದ ಮೀರಬಾರದು ಎನ್ನುತ್ತದೆ. ಪೈಲಟ್ ಬರೆದುಕೊಳ್ಳಬೇಕಾದ ವಿಷಯಕ್ಕೆ ಅದಕ್ಕಿಂತ ನಿಧಾನ. ದಟ್ಟಣೆ ಇದ್ದಾಗ ಓಡಿಸಿ ಮಾತಾಡಿದರೆ ಸಮಯ ಉಳಿಯುತ್ತದೆ ಎಂಬುದು ಸುಳ್ಳು. ಒಂದು "ಸೇ ಅಗೇನ್" ಬಂದರೆ ಉಳಿಸಿದ್ದೆಲ್ಲ ಹೋಯಿತು. ಲೆವೆಲ್, ಹೆಡಿಂಗ್, ಸ್ಪೀಡ್, ಹೊಸ ಫ್ರೀಕ್ವೆನ್ಸಿ ನಾಲ್ಕನ್ನೂ ಒಂದೇ ಉಸಿರಿಗೆ ಕೊಟ್ಟರೆ ಒಂದಾದರೂ ಕಳಚಿಕೊಳ್ಳುತ್ತದೆ. ಎರಡೆರಡಾಗಿ ಕೊಡಿ. ಬಟನ್ ಒತ್ತಿದ ಕೂಡಲೇ ಬಾಯಿ ತೆರೆಯಬೇಡಿ, ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ. ಕತ್ತರಿಸಿಹೋಗುವುದು ಬಹುಪಾಲು ಕಾಲ್‌ಸೈನೇ, ಏಕೆಂದರೆ ಮಾತು ಶುರುವಾಗುವುದು ಅದರಿಂದ.

ಸಂಖ್ಯೆ ಮುಂದೆ ಅದು ಏನು ಎಂಬ ಪದ ಇರಲೇಬೇಕು: ಆಲ್ಟಿಟ್ಯೂಡ್, ಫ್ಲೈಟ್ ಲೆವೆಲ್, ಹೆಡಿಂಗ್. ಇಂಗ್ಲಿಷಿನ "ಟು" ಮತ್ತು "ಟೂ" ಕಿವಿಗೆ ಒಂದೇ. 1989ರ ಫೆಬ್ರುವರಿಯಲ್ಲಿ ಕೌಲಾಲಂಪುರದಲ್ಲಿ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ 2,400 ಅಡಿಗೆ ("ಟೂ ಫೋರ್ ಜೀರೋ ಜೀರೋ") ಇಳಿಯಲು ಹೇಳಿದ್ದನ್ನು ಸಿಬ್ಬಂದಿ 400 ಅಡಿಗೆ ಎಂದು ತಿಳಿದರು. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. "ಡಿಸೆಂಡ್ ಟು" ಆದ ಮೇಲೆ "ಆಲ್ಟಿಟ್ಯೂಡ್" ಎಂಬ ಒಂದು ಪದ ಸೇರಿದರೆ ಈ ಗೊಂದಲಕ್ಕೆ ಜಾಗವಿಲ್ಲ.

"ಟೇಕ್ ಆಫ್" ಪದದ ಕಥೆ ಎಲ್ಲರಿಗೂ ಗೊತ್ತು ಎಂದುಕೊಂಡು ಮೇಲಿಂದ ಮೇಲೆ ಕಲಿಸುತ್ತಾರೆ, ಅದರ ಒಳಗೆ ಹೋಗುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಮಂಜಿನ ನಡುವೆ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್ಎಂ ವಿಮಾನಕ್ಕೆ ಆಗ ಸಿಕ್ಕಿದ್ದು ರೂಟ್ ಕ್ಲಿಯರೆನ್ಸ್ ಮಾತ್ರ, ಆದರೆ ಅದರೊಳಗೆ "ಟೇಕ್ ಆಫ್ ಆದ ಮೇಲೆ ಬಲಕ್ಕೆ ತಿರುಗಿ" ಎಂಬ ಅರ್ಥದ ಮಾತಿತ್ತು. ಸಹಪೈಲಟ್ ಅದನ್ನು ತಿರುಗಿ ಹೇಳಿ "ವಿ ಆರ್ ನೌ ಅಟ್ ಟೇಕ್ ಆಫ್" ಎಂದರು. ಏರಲು ಸಿದ್ಧವಾಗಿದ್ದೇವೆ ಎಂದೋ, ಏರುತ್ತಿದ್ದೇವೆ ಎಂದೋ? ಕಂಟ್ರೋಲರ್ "ಓಕೆ" ಎಂದು ಶುರುಮಾಡಿ, ಕಾಯಿರಿ, ನಾನೇ ಕರೆಯುತ್ತೇನೆ ಎಂದು ಮುಂದುವರಿಸಿದರು. ಅದೇ ಕ್ಷಣಕ್ಕೆ ಇನ್ನೊಂದು 747ರ, ಪ್ಯಾನ್ ಆಮ್‌ನ, ಸಿಬ್ಬಂದಿ ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಮೈಕ್ ಒತ್ತಿದರು. ಎರಡೂ ಸಿಗ್ನಲ್ ಕೂಡಿ ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಉಳಿದದ್ದು "ಓಕೆ", ಆಮೇಲೆ ಕಿರ್ರೆನ್ನುವ ಸದ್ದು. ಇವತ್ತು ನಾವು ಏರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ "ಟೇಕ್ ಆಫ್" ಎನ್ನುತ್ತೇವೆ. ಉಳಿದಂತೆ "ಡಿಪಾರ್ಚರ್" ಎನ್ನುತ್ತೇವೆ. "ಓಕೆ" ಎಂಬುದನ್ನು ಫ್ರೀಕ್ವೆನ್ಸಿಯಿಂದ ಪೂರ್ತಿ ಬಿಟ್ಟುಬಿಡಿ.

ಆ ಕಿರ್ರೆನ್ನುವ ಸದ್ದಿನ ಬಗ್ಗೆ ಇನ್ನೊಂದು ಮಾತು. ನಮ್ಮ ವಿಎಚ್ಎಫ್ ರೇಡಿಯೋ ಎಎಂ ವಿಧಾನದ್ದು. ಇಬ್ಬರು ಒಟ್ಟಿಗೆ ಮಾತಾಡಿದರೆ ಸದ್ದಾಗಿ ಗೊತ್ತಾಗುತ್ತದೆ. ಎಫ್ಎಂನಲ್ಲಾದರೆ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ನುಂಗಿ, ಇನ್ನೊಬ್ಬರು ಮಾತಾಡಿದ್ದೇ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಸದ್ದು ಒಂದು ಎಚ್ಚರಿಕೆ. ಕೇಳಿದ ಯಾರೇ ಆಗಲಿ, ಪಕ್ಕದ ವಿಮಾನದವರಾದರೂ ಸರಿ, "ಬ್ಲಾಕ್ಡ್" ಎಂದು ಹೇಳಬೇಕು. ನಾವು ಆ ಸೂಚನೆಯನ್ನು ಮೊದಲಿನಿಂದ ಕೊಡಬೇಕು.

ರೀಡ್‌ಬ್ಯಾಕ್ ಸರಿಯಿದ್ದೂ ಅನಾಹುತವಾಗುವುದುಂಟು, ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ. 2024ರ ಜನವರಿ 2ರಂದು ಟೋಕಿಯೋದ ಹಾನೇಡಾ ವಿಮಾನ ನಿಲ್ದಾಣದಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ "ನಂಬರ್ ವನ್" ಎಂದು ಹೇಳಿ, ಸಿ5 ಹೋಲ್ಡಿಂಗ್ ಪಾಯಿಂಟ್ (ರನ್‌ವೇಗೆ ಮೊದಲು ನಿಲ್ಲುವ ಜಾಗ) ವರೆಗೆ ಬರಲು ತಿಳಿಸಿದರು. ರೀಡ್‌ಬ್ಯಾಕ್ ಸರಿಯಾಗಿಯೇ ಬಂತು. ಆದರೂ ವಿಮಾನ ರನ್‌ವೇ ಒಳಗೆ ಹೋಗಿ ನಿಂತಿತು, ಇಳಿಯುತ್ತಿದ್ದ ಪ್ರಯಾಣಿಕ ವಿಮಾನ ಎ350 ಅದಕ್ಕೆ ಬಡಿಯಿತು. ಎ350ನಲ್ಲಿದ್ದ 379 ಜನ ಪಾರಾದರು, ಕೋಸ್ಟ್ ಗಾರ್ಡ್‌ನ ಆರರಲ್ಲಿ ಐವರು ಸತ್ತರು. "ನಂಬರ್ ವನ್" ಎಂದರೆ ಸರದಿಯಲ್ಲಿ ಮೊದಲನೆಯವರು ಎಂದಷ್ಟೇ, ಆದರೆ ಹೊರಡಲು ಕಾದಿರುವ ಕಿವಿಗೆ ಅದು ದಾರಿ ತೆರೆದಂತೆ ಕೇಳಿಸಬಹುದು. ಆಮೇಲೆ ಜಪಾನಿನಲ್ಲಿ ಸರದಿ ಸಂಖ್ಯೆ ಹೇಳುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ನಮ್ಮ ಪಾಲಿಗೆ ಉಳಿಯುವುದು ಎರಡು: ಬೇಕಿಲ್ಲದ ಹಿತವಾದ ಮಾಹಿತಿಯನ್ನು ರನ್‌ವೇ ಸೂಚನೆಗೆ ಅಂಟಿಸಬಾರದು, ರೀಡ್‌ಬ್ಯಾಕ್ ಸರಿಯಾದ ಮೇಲೂ ಆ ಹೋಲ್ಡಿಂಗ್ ಪಾಯಿಂಟ್ ಕಡೆ ಕಣ್ಣು ಹೋಗುತ್ತಿರಬೇಕು.

ಷರತ್ತಿನ ಕ್ಲಿಯರೆನ್ಸ್ ಕೊಡುವಾಗಲೂ ಇದೇ ಎಚ್ಚರ. ಕಾಲ್‌ಸೈನ್, ಷರತ್ತು, ಸೂಚನೆ, ಕೊನೆಗೆ ಮತ್ತೆ ಷರತ್ತು: "ಬಿಹೈಂಡ್ ದಿ ಲ್ಯಾಂಡಿಂಗ್ ಏರ್‌ಬಸ್, ಲೈನ್ ಅಪ್, ಬಿಹೈಂಡ್." ಅಂದರೆ ಇಳಿಯುವ ಏರ್‌ಬಸ್ ಹಾದುಹೋದ ಮೇಲೆ ಅದರ ಹಿಂದೆ ರನ್‌ವೇಗೆ ಬಂದು ನಿಲ್ಲಿ. ಆ ಏರ್‌ಬಸ್ ಕಂಟ್ರೋಲರ್, ಪೈಲಟ್ ಇಬ್ಬರಿಗೂ ಕಾಣುತ್ತಿದ್ದರೆ ಮಾತ್ರ ಕೊಡಿ. ಕೊನೆಯ "ಬಿಹೈಂಡ್" ರೀಡ್‌ಬ್ಯಾಕ್‌ನಲ್ಲಿ ಬರದಿದ್ದರೆ ಅದು ಅಪೂರ್ಣ.

ಪೈಲಟ್‌ಗಳ ಕಡೆಯಿಂದ ಮರೆಯಬಾರದ್ದು ತುರ್ತು ಪದಗಳು. 1990ರ ಜನವರಿಯಲ್ಲಿ ನ್ಯೂಯಾರ್ಕ್ ಬಳಿ ಏವಿಯಾಂಕಾ 52 ವಿಮಾನ ಇಂಧನ ಮುಗಿದು ಬಿದ್ದು 73 ಜನ ಸತ್ತರು. ಸಿಬ್ಬಂದಿ ಇಂಧನ ಕಡಿಮೆಯಾಗುತ್ತಿದೆ ಎಂದಿದ್ದರು, "ಪ್ರಯಾರಿಟಿ" ಕೇಳಿದ್ದರು. ತುರ್ತು ಸ್ಥಿತಿ ಎಂದು ಘೋಷಿಸಲೇ ಇಲ್ಲ. ಈಗ ಹಂತಗಳು ಸ್ಪಷ್ಟ. "ಮಿನಿಮಮ್ ಫ್ಯೂಯೆಲ್" ಎಂದರೆ ಇನ್ನು ತಡವಾದರೆ ಕೊನೆಯ ಮೀಸಲಿಗೆ ಕೈ ಬೀಳಬಹುದು, ಆದ್ಯತೆ ಸಿಗುವುದಿಲ್ಲ. ಜೆಟ್ ವಿಮಾನಕ್ಕೆ ಆ ಮೀಸಲು 30 ನಿಮಿಷದ್ದು. ಇಳಿಯುವಾಗ ಅಷ್ಟೂ ಇರುವುದಿಲ್ಲ ಎಂದು ಲೆಕ್ಕ ತೋರಿಸಿದರೆ "ಮೇಡೇ, ಮೇಡೇ, ಮೇಡೇ, ಫ್ಯೂಯೆಲ್" ಎಂದು ತುರ್ತು ಘೋಷಿಸಬೇಕು. ಸಂಕೋಚ ಬೇಡ. ಇತ್ತ ಕಂಟ್ರೋಲರ್ ಅಸ್ಪಷ್ಟ ಮಾತು ಕೇಳಿದರೆ ಊಹಿಸುತ್ತಾ ಕೂರಬಾರದು: ತುರ್ತು ಘೋಷಿಸುತ್ತಿದ್ದೀರಾ, ಎಷ್ಟು ನಿಮಿಷದ ಇಂಧನವಿದೆ ಎಂದು ನೇರವಾಗಿ ಕೇಳಬೇಕು.

ಸಿಟ್ಟು ಬರುತ್ತದೆ. ಅದನ್ನು ಫ್ರೀಕ್ವೆನ್ಸಿಯಲ್ಲಿ ತೋರಿಸಬಾರದು, ಅದು ಹತ್ತಾರು ಜನರ ಹಂಚಿಕೆಯ ದಾರಿ. 20 ಸೆಕೆಂಡು ಬುದ್ಧಿ ಹೇಳುತ್ತಿದ್ದರೆ ಅಷ್ಟು ಹೊತ್ತು ಬೇರೊಬ್ಬರಿಗೆ ಬಾಯಿ ಕಟ್ಟಿದಂತೆ. ಬೈಸಿಕೊಂಡ ಪೈಲಟ್ ಮುಂದಿನ ಸಲ ಅರ್ಥವಾಗದಿದ್ದರೂ "ಸೇ ಅಗೇನ್" ಕೇಳಲು ಹಿಂಜರಿಯುತ್ತಾರೆ, ನಮಗೆ ನಿಜವಾದ ನಷ್ಟ ಅದು. ಸಮಯ ಬರೆದಿಟ್ಟುಕೊಳ್ಳಿ, ವಿಮಾನ ಇಳಿದ ಮೇಲೆ ಫೋನಿನಲ್ಲಿ ಮಾತಾಡಿ, ವರದಿ ಬರೆಯಿರಿ.

ಕೊನೆಗೆ ಪಾಳಿ ಬದಲಾಗುವ ಹೊತ್ತು. ಸೂಚನೆ ಕೊಟ್ಟವರು ಒಬ್ಬರು, ರೀಡ್‌ಬ್ಯಾಕ್ ಕೇಳುವವರು ಇನ್ನೊಬ್ಬರು ಆಗಬಾರದು. ಎದ್ದು ಹೋಗುವವರು ಕೊಟ್ಟ ಕೊನೆಯ ಸೂಚನೆಗೆ ಉತ್ತರ ಬಂದು, ತಾಳೆಯಾಗಿ, ಸ್ಟ್ರಿಪ್ ಮೇಲೆ ಗುರುತು ಬಿದ್ದ ಮೇಲೆ ಹೆಡ್‌ಸೆಟ್ ಕಳಚಲಿ.