ಯಾವ ವರ್ಷದ್ದು ಅಜ್ಜಿ?

ಈ ಸಲ ಜೂನ್‌ನಲ್ಲಿ ಧಾರವಾಡಕ್ಕೆ ಹೋದಾಗ ಮಗ ನನ್ನ ಮರ್ಯಾದೆ ತೆಗೆದನೋ ಉಳಿಸಿದನೋ, ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಬಂದ ಮೇಲೂ ಗೊತ್ತಾಗುತ್ತಿಲ್ಲ.

ಮಾಳಮಡ್ಡಿಯಲ್ಲಿ ಪಕ್ಕದ ಮನೆ ಕಾಕು ಮೆಂತ್ಯೆ ಪಲ್ಯ ಸೋಸುತ್ತ ಕೂತಿದ್ದರು. ಮಾತಾಡಿಸಿಕೊಂಡು ಬರೋಣ ಅಂತ ಹೋದೆವು. ನನ್ನನ್ನು ನೋಡಿ "ಯಾವಾಗ ಬಂದ್ಯವಾ?" ಅಂದರು. ಮರುಮಾತೇ ಮಗನಿಗೆ. "ಹತ್ತನೇತ್ತ ಮುಗೀತಂತಲ್ಲೋ, ಎಷ್ಟಾತು ಪರ್ಸೆಂಟು?"

"ಯಾವ ವರ್ಷದ್ದು ಅಜ್ಜಿ?" ಅಂದ ಇವನು.

ಕಾಕುಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಒಂಬತ್ತರಲ್ಲಿ ಜಾಮೆಟ್ರಿ ಡಿ ಬಂತು, ಬಯಾಲಜಿ ಸಿ. ಈ ವರ್ಷ ಒಂದು ಬಿ, ಉಳಿದಿದ್ದೆಲ್ಲಾ ಎ." ಆ ಡಿ ವಿಷಯ ನಾನು ನಮ್ಮ ಅವ್ವನಿಗೂ ಹೇಳಿರಲಿಲ್ಲ. ಇವನು ಊಟಕ್ಕೆ ಏನು ತಿಂದೆ ಅಂತ ಹೇಳಿದಷ್ಟೇ ಸಲೀಸಾಗಿ ಹೇಳಿಬಿಟ್ಟ.

"ಡಿ ಅಂದ್ರ ನಪಾಸೇನವಾ?" ಕಾಕು ನನ್ನನ್ನು ಕೇಳಿದರು. ದನಿ ತಗ್ಗಿತ್ತು. ಅಷ್ಟೊತ್ತಿಗೆ ಒಳಕೋಣೆಯ ಬಾಗಿಲು ಸರಿಯಿತು. ಅವರ ಮೊಮ್ಮಗ ಇದೇ ವರ್ಷ ಎಸ್ಸೆಸ್ಸೆಲ್ಸಿ ಬರೆದವನು. 625ಕ್ಕೆ 388. ಗಣಿತದಲ್ಲಿ 41. ರಿಸಲ್ಟ್ ಬಂದಾಗಿನಿಂದ ಯಾರಾದರೂ ಬಂದರೆ ಹೊರಗೆ ಬರುತ್ತಿರಲಿಲ್ಲವಂತೆ. ಈಗ ಬಂದು ನನ್ನ ಮಗನ ಪಕ್ಕ ಕೂತ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ಎಗೆ 4, ಬಿಗೆ 3, ಸಿಗೆ 2 ಅಂತ ಅಂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಅದೇ ಜಿಪಿಎ. ಒಂಬತ್ತರ ನಡುವೆ ನಾವು ಊರು ಬದಲಾಯಿಸಿದೆವು. ಹುಡುಗ ಹೊಸ ಶಾಲೆಯಲ್ಲಿ ಕಂಗಾಲಾದ, ಮಾರ್ಕ್ಸ್ ಇಳಿದವು. ಇನ್ನು ಕಾಲೇಜಿನ ಕಥೆ ಮುಗೀತು ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ. ಶಾಲೆಯ ಕೌನ್ಸೆಲರ್ ಮಾತ್ರ ಆರಾಮಾಗಿದ್ದರು. ನಮ್ಮ ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಜಿಪಿಎ ಲೆಕ್ಕಕ್ಕೆ ಹತ್ತು ಮತ್ತು ಹನ್ನೊಂದನೇ ತರಗತಿಯನ್ನೇ ಹಿಡಿಯುತ್ತಾರೆ. ಒಂಬತ್ತರದ್ದು ಅವರಿಗೆ ಕಾಣುತ್ತದೆ, ಲೆಕ್ಕಕ್ಕೆ ಬರಲ್ಲ. ಆದರೆ ಬೇಕಾದ ವಿಷಯದಲ್ಲಿ ಸಿಗಿಂತ ಕೆಳಗೆ ಬಂದರೆ ನಡೆಯಲ್ಲ. ಹಾಗಾಗಿ ಜಾಮೆಟ್ರಿಯನ್ನು ಬೇಸಿಗೆ ರಜೆಯಲ್ಲಿ ಕೂತು ಮತ್ತೆ ಮಾಡಿದ. ನಾಲ್ಕೂ ವರ್ಷ ನೋಡುವ ಕಾಲೇಜುಗಳೂ ವರ್ಷದಿಂದ ವರ್ಷಕ್ಕೆ ಮೇಲೇರಿದ ಹುಡುಗರನ್ನು ಬೇರೆಯಾಗಿಯೇ ಗಮನಿಸುತ್ತವಂತೆ.

ಅಂದ ಮಾತ್ರಕ್ಕೆ ಇಲ್ಲಿ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಇದೇ ಯೂನಿವರ್ಸಿಟಿಯ ಲಾಸ್ ಏಂಜಲೀಸ್ ಕ್ಯಾಂಪಸ್ ಯುಸಿಎಲ್ಎಗೆ ಅರ್ಜಿ ಹಾಕಿದ ನೂರರಲ್ಲಿ ಹತ್ತು ಮಂದಿಗೂ ಸೀಟು ಸಿಗಲ್ಲ. ಮಕ್ಕಳ ಅರ್ಜಿ ತಿದ್ದಿಕೊಡಲು ಸಾವಿರಾರು ಡಾಲರ್ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ಅರ್ಜಿಯಲ್ಲಿ ಎಂಟು ಪ್ರಶ್ನೆ ಇರುತ್ತವೆ, ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ 350 ಪದದೊಳಗೆ. ನಿನಗೆ ಬಂದ ದೊಡ್ಡ ಸವಾಲು ಯಾವುದು, ಅದರಿಂದ ಓದಿಗೆ ಏನಾಯಿತು ಅಂತಲೂ ಒಂದು ಪ್ರಶ್ನೆ. ಮಗನ ಗೆಳೆಯನೊಬ್ಬ ಮೊದಲಿನಿಂದ ಬರೀ ಎ ತೆಗೆದವನು. "ನಿನಗಾದ್ರೆ ಬರೆಯೋಕೆ ಏನೋ ಇದೆ, ನಾನೇನು ಬರೀಲಿ?" ಅಂತ ಹೊಟ್ಟೆ ಉರಿಸಿಕೊಂಡನಂತೆ. ಬಿದ್ದಿದ್ದನ್ನೂ ಚೆಂದ ಮಾಡಿ ಬರೆದು ಕೊಡಬೇಕಾದ ಈ ಪದ್ಧತಿ ನನಗೇನು ಹಿಡಿಸಿಲ್ಲ.

ಕಾಕು ಮನೆಯಲ್ಲಿ ಮಗ ಇನ್ನೊಂದು ಪ್ರಶ್ನೆ ತೆಗೆದ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟಿಗೆ ಹತ್ತನೆಯ ಮಾರ್ಕ್ಸ್ ನೋಡ್ತಾರಾ ಅಂತ. ನೋಡಲ್ಲ. ಸಿಇಟಿ ರ‍್ಯಾಂಕಿಗೆ ಅರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. ಇನ್ನರ್ಧ ಸಿಇಟಿಯ ಮಾರ್ಕ್ಸ್. ಫಸ್ಟ್ ಪಿಯುಸಿಯದ್ದೂ ಬೇಡ. "ಹಾಗಾದ್ರೆ ಇವನು ಯಾಕೆ ಒಳಗೆ ಕೂತಿದ್ದ?" ಅಂದ. ಪಿಯು ಕಾಲೇಜುಗಳ ಕಟ್ ಆಫ್ ಪಟ್ಟಿ ಇದೆಯಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ. ನಿಜ ಹೇಳಬೇಕೆಂದರೆ ಪಟ್ಟಿಗಿಂತ ಓಣಿಯೇ ಜಾಸ್ತಿ ಕಾಡುತ್ತದೆ. ನಮ್ಮ ಕಾಲದಲ್ಲೂ ನೋಟಿಸ್ ಬೋರ್ಡಿಗೆ ರಿಸಲ್ಟ್ ಹಚ್ಚಿದರೆ ನಮಗಿಂತ ಮೊದಲು ಓಡುತ್ತಿದ್ದವರು ಪಕ್ಕದ ಮನೆಯವರೇ.

ನಮ್ಮಲ್ಲೂ ಬೇರೆ ದಾರಿ ಇಲ್ಲದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಮಕ್ಕಳು ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಮೂರನೇ ವರ್ಷಕ್ಕೆ ಸೇರುತ್ತಾರೆ. ಕೈಗೆ ಬರುವ ಡಿಗ್ರಿ ಒಂದೇ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೀಟು. ಆದರೆ ನಮ್ಮ ಕಡೆ "ಡಿಪ್ಲೊಮಾಕ್ಕ ಹಾಕ್ಯಾರಂತ" ಅನ್ನುವ ಧಾಟಿಯೇ ಬೇರೆ, ಅಲ್ವಾ? ಯಾರಿಗೋ ಹುಷಾರಿಲ್ಲ ಅನ್ನುವ ಹಾಗೆ.

ಕಾಕು ಮೊಮ್ಮಗನಿಗೆ ಇದನ್ನೆಲ್ಲ ನಾನೇನು ಉಪದೇಶ ಮಾಡಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಮನೆಯ ಮಿಕ್ಸರ್, ಫ್ಯಾನ್ ಎಲ್ಲಾ ಅವನೇ ಬಿಚ್ಚಿ ರಿಪೇರಿ ಮಾಡುತ್ತಾನಂತೆ. ಡಿಪ್ಲೊಮಾ ಮಾಡ್ತೀನಿ ಅಂತ ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ. ಮೂರು ದಿನ ಬಿಟ್ಟು ಅಜ್ಜಿಯ ಮುಂದೆ ಬಾಯಿ ಬಿಟ್ಟನಂತೆ.

ಹೋದ ವಾರ ಅವ್ವ ಫೋನ್ ಮಾಡಿದ್ದಳು. ಹುಡುಗ ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರಿದ್ದಾನೆ, ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬರುತ್ತಾನೆ. ಕಾಕು ಓಣಿಯಲ್ಲೆಲ್ಲ "ನಮ್ಮವ ಮುಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕs ಹೋಗ್ತಾನ" ಅಂತ ಕೇಳದಿದ್ದರೂ ಹೇಳುತ್ತಿದ್ದಾರೆ. ಅವರಪ್ಪ ಮಾತ್ರ ಆಫೀಸಿನಲ್ಲಿ ಇನ್ನೂ "ಪಿಯು ಸೇರ್ಯಾನ" ಅಂತಲೇ ಹೇಳಿಕೊಂಡು ತಿರುಗುತ್ತಿದ್ದಾನಂತೆ.