ಬಾಟಲ್ ಕೊಡುವ ಮೊದಲು ನೀರಿನ ಬಿಸಿ ಕೇಳುತ್ತೇನೆ

ಕೊಡಗಿನ ಸುಂಟಿಕೊಪ್ಪದ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಸಿಸ್ಟ್. ಹಾಲಿನ ಬಾಟಲ್ ಕೊಳ್ಳಲು ಬರುವ ಅಪ್ಪ ಅಮ್ಮಂದಿರು ಈಗೀಗ ಬೆಲೆಗಿಂತ ಮೊದಲು ಕೇಳುವುದು, "ಮೇಡಂ, ಇದ್ರಲ್ಲಿ ಕೆಮಿಕಲ್ ಇಲ್ಲ ತಾನೇ?" ಏನೂ ಆಗಲ್ಲ ಅಂದು ಕಳಿಸಿಬಿಡಬಹುದು. ಆದರೆ ಅವರ ಭಯಕ್ಕೆ ಕಾರಣ ಇದೆ, ಸರಿಯಾದ ಉತ್ತರ ಸಿಗಬೇಕು.

ಹೆಚ್ಚಿನವರು ಕೇಳುವುದು ಬಿಪಿಎ, ಅಂದರೆ ಬಿಸ್ಫೆನಾಲ್ ಎ ಬಗ್ಗೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ, ಗಾಜಿನಂತಹ ಪ್ಲಾಸ್ಟಿಕ್ ಇದರಿಂದ ಆಗುತ್ತದೆ. ದೇಹದಲ್ಲಿ ಇದು ಈಸ್ಟ್ರೋಜೆನ್ ಹಾರ್ಮೋನಿನ ಹಾಗೆ ನಡೆದುಕೊಳ್ಳಬಲ್ಲದು ಅನ್ನುವುದೇ ಆತಂಕ. ಯುರೋಪ್ 2011ರಲ್ಲಿ, ಅಮೆರಿಕ 2012ರಲ್ಲಿ ಮಕ್ಕಳ ಬಾಟಲಿನಿಂದ ಇದನ್ನು ಹೊರಗಿಟ್ಟವು. ನಮ್ಮಲ್ಲಿ ಐಎಸ್‌ಐ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್ 2015ರಲ್ಲಿ ಅದನ್ನೇ ಮಾಡಿತು. ಹಾಲಿನ ಬಾಟಲಿಗೆ ಐಎಸ್‌ಐ ಗುರುತು ಇರಲೇಬೇಕು ಅನ್ನುವುದು 1992ರ ಕಾನೂನು. ಹಾಗಾಗಿ ಡಬ್ಬದ ಮೇಲಿನ ದೊಡ್ಡ ಅಕ್ಷರಗಳಿಗಿಂತ ಮೊದಲು ಆ ಗುರುತು ಹುಡುಕಿ ಅಂತ ಹೇಳುತ್ತೇನೆ.

ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಅಕ್ಕನ ಮನೆಯಿಂದ ಬಂದ ಹಳೆ ಬಾಟಲ್ ತಂದು ಕೌಂಟರ್ ಮೇಲಿಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಬ್ರಷ್ ಆಡಿದ ಕಡೆಯೆಲ್ಲ ಸಣ್ಣ ಸಣ್ಣ ಗೀರು, ಪ್ಲಾಸ್ಟಿಕ್ ಮಬ್ಬಾಗಿತ್ತು. ಪ್ಲಾಸ್ಟಿಕ್ ಯಾವ ಬಗೆಯದು ಅಂತ ತಿಳಿಸುವ ತಳದ ತ್ರಿಕೋನದಲ್ಲಿ 7. ಅದು 'ಇತರೆ' ಗುಂಪು. ಪಾಲಿಕಾರ್ಬೊನೇಟ್ ಅದರಲ್ಲಿ ಬರುತ್ತದೆ, ಬೇರೆಯವೂ ಬರುತ್ತವೆ. ಐಎಸ್‌ಐ ಗುರುತು ಇರಲಿಲ್ಲ. ಇದು ಬೇಡವೇ ಬೇಡ ಅಂದೆ. ತಳದಲ್ಲಿ 5 ಇರುವ, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಹೊಸದು ತೋರಿಸಿದೆ. ಅದನ್ನು ಮಾಡಲು ಬಿಪಿಎ ಬೇಕಿಲ್ಲ.

ಅಷ್ಟಕ್ಕೇ ಮಾತು ಮುಗಿಸಬಾರದು ಅನ್ನುವುದು ಈ ಕೆಲಸದಲ್ಲಿ ನಾನು ಕಲಿತದ್ದು. "ಹಾಲು ಹೇಗೆ ಕಲಸ್ತೀರಿ?" ಅಂತ ಕೇಳಿದೆ. "ಬೆಳಗ್ಗೆ ನೀರು ಕುದಿಸಿ ಫ್ಲಾಸ್ಕ್‌ಗೆ ತುಂಬ್ತೀವಿ ಮೇಡಂ. ಬೇಕಾದಾಗ ಬಾಟಲಿಗೇ ಸುರಿದು, ಪುಡಿ ಹಾಕಿ ಜೋರಾಗಿ ಅಲ್ಲಾಡಿಸ್ತೀವಿ." ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ನಮ್ಮ ಊರುಗಳಲ್ಲಿ ಇನ್ನೇನು ಮಾಡುತ್ತಾರೆ, ಅಲ್ವಾ?

ತೊಂದರೆ ಇರುವುದು ಆ ಬಿಸಿಯಲ್ಲಿ. ಐರ್ಲೆಂಡಿನ ವಿಜ್ಞಾನಿಗಳು 2020ರಲ್ಲಿ ಪಾಲಿಪ್ರೊಪಿಲೀನ್ ಬಾಟಲಿಗಳನ್ನೇ ಪರೀಕ್ಷಿಸಿದರು. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 6 ಲಕ್ಷ ಪ್ಲಾಸ್ಟಿಕ್ ಕಣ ಬಿಟ್ಟರೆ, 95 ಡಿಗ್ರಿಯಲ್ಲಿ ಅದು 5.5 ಕೋಟಿಗೆ ಏರಿತು. ಅಲ್ಲಾಡಿಸಿದರೂ ಜಾಸ್ತಿ. ಈ ಕಣಗಳಿಂದ ಮಗುವಿಗೆ ಏನಾಗುತ್ತದೆ ಅನ್ನುವುದು ವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹಾಗಂತ ತಣ್ಣೀರಿನಲ್ಲಿ ಕಲಸಿಬಿಡಬೇಡಿ. ಹಾಲಿನ ಪುಡಿಯಲ್ಲಿ ರೋಗಾಣು ಇರಬಹುದು. ಅದಕ್ಕೇ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಕುದಿಸಿ ಅರ್ಧ ಗಂಟೆಯೊಳಗೆ ಬಳಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಫ್ಲಾಸ್ಕ್ ನೀರು ಮಧ್ಯಾಹ್ನದ ಹೊತ್ತಿಗೆ ಅಷ್ಟು ಬಿಸಿ ಇರುತ್ತದೆ ಅಂತ ನಂಬುವ ಹಾಗಿಲ್ಲ.

ದಾರಿ ಅಡುಗೆಮನೆಯಲ್ಲೇ ಇದೆ. ತೊಳೆದು ಕುದಿಸಿದ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರಿಗೆ ಪುಡಿ ಹಾಕಿ, ಸ್ಟೀಲ್ ಚಮಚದಿಂದಲೇ ಕಲಸಿ. ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಹಾಕಿ. ಬಾಟಲಿಯನ್ನೂ ಕುದಿಸಲೇಬೇಕು. ಅದು ಆರಿದ ಮೇಲೆ, ಕುದಿಸಿ ಆರಿಸಿದ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿ. ಒಳಲೆಯಲ್ಲಿ ಕುಡಿಸಲು ಬರುವ ಅಜ್ಜಿ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಪ್ಲಾಸ್ಟಿಕ್ಕೇ ಬೇಕಿಲ್ಲ. ಎದೆಹಾಲು ಸಾಕಾಗುತ್ತಿದ್ದರೆ ಇದ್ಯಾವುದೂ ಬೇಡ. ಅದನ್ನೂ ಹೇಳಿಯೇ ಬಾಟಲ್ ಕೊಡುತ್ತೇನೆ.

ಹಲ್ಲು ಬರುವ ಮಕ್ಕಳು ಕಚ್ಚುವ ಆಟಿಕೆಗೂ ಇದೇ ಗಮನ ಬೇಕು. ಪಿವಿಸಿ ಪ್ಲಾಸ್ಟಿಕ್ ಮೆತ್ತಗಾಗಲು ಥಾಲೇಟ್ ಎಂಬ ರಾಸಾಯನಿಕ ಹಾಕುತ್ತಾರೆ, ಜೊಲ್ಲಿಗೆ ಅದು ಬಿಡುತ್ತದೆ. ಆಟಿಕೆಗೂ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಮಡಿಕೇರಿ ದಸರಾದಲ್ಲಿ ಮಗು ಹಟ ಮಾಡಿತು ಅಂತ ಗುರುತಿಲ್ಲದ ಮೆತ್ತನೆ ಗೊಂಬೆ ತಂದಿದ್ದರೆ, ಬಾಯಿಗೆ ಸಿಗದ ಕಡೆ ಇಡಿ. ಕಚ್ಚಲು ಒದ್ದೆ ಮಾಡಿದ ಶುದ್ಧ ಹತ್ತಿ ಬಟ್ಟೆ ಸಾಕು, ಪಕ್ಕದಲ್ಲಿ ಯಾರಾದರೂ ಕೂತಿರಿ.